ಸಿಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ಗುಂಪಿನ ಸದಸ್ಯರ ಗಮನಕ್ಕೆ: ಇಮ್ಯಾಟಿನಿಬ್ ಮಾತ್ರೆ ಮತ್ತು ಪಿಸಿಆರ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ‘ಕೌಂಟ್ (ರಕ್ತಕಣಗಳ ಸಂಖ್ಯೆ) ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?’ ಎಂದು ಹಲವರು ಕೇಳುತ್ತಿದ್ದೀರಿ. ನೀವಾಗಿಯೇ ಬಿಡಬೇಡಿ. ಕೌಂಟ್ ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಆದರೆ ಈ ಕಾಯಿಲೆಗೆ ಕಾರಣವಾದ ಬಿಸಿಆರ್-ಎಬಿಎಲ್ ಜೀನ್ ಇರುವ ಕೋಶಗಳು ಮೂಳೆ ಮಜ್ಜೆಯಲ್ಲಿ ಉಳಿದಿರುತ್ತವೆ. ಅವು ಎಷ್ಟಿವೆ ಎಂದು ತೋರಿಸುವುದು ಪಿಸಿಆರ್. ಅದು ಚಿಕಿತ್ಸೆ ಶುರುವಾದ 3 ತಿಂಗಳಿಗೆ ಶೇ 10, 6ಕ್ಕೆ ಶೇ 1, ವರ್ಷಕ್ಕೆ ಶೇ 0.1ರ ಒಳಗೆ ಬರಬೇಕು. ಪ್ರತಿ ಸಲ ಒಂದೇ ಲ್ಯಾಬ್. ಲ್ಯಾಬ್ ಬದಲಾದರೆ ಅಂಕಿ ಹೋಲಿಸಲು ಬಾರದು, ಸುಮ್ಮನೆ ಗಾಬರಿ.

ಇಮ್ಯಾಟಿನಿಬ್ ಸಾಮಾನ್ಯವಾಗಿ ದಿನಕ್ಕೆ 400 ಮಿ.ಗ್ರಾಂ. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ ಹೆಚ್ಚು. ನುಂಗಲು ಕಷ್ಟವಾದರೆ 200 ಮಿ.ಲೀ. ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಿರಿ. ಒಂದು ದಿನ ಮರೆತರೆ ಮರುದಿನ ಎರಡು ಬೇಡ. ಗ್ರೇಪ್‌ಫ್ರೂಟ್, ಚಕ್ಕೋತ ಬೇಡ: ಇವು ರಕ್ತದಲ್ಲಿ ಔಷಧದ ಮಟ್ಟ ಏರಿಸಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಅದನ್ನು ತಗ್ಗಿಸುತ್ತದೆ. ಹೊಸ ಮಾತ್ರೆ ಯಾರೇ ಬರೆದರೂ ಇಮ್ಯಾಟಿನಿಬ್ ವಿಷಯ ಹೇಳಿ. ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ ಮಾಮೂಲು. ತೂಕ ದಿಢೀರ್ ಏರಿದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಿ. ಗರ್ಭಧಾರಣೆಯ ಯೋಚನೆಯಿದ್ದರೆ ಮೊದಲೇ ವೈದ್ಯರ ಜೊತೆ ಮಾತಾಡಿ.

ಬೆಲೆ ಕೇಳಿದವರಿಗೆ: 2013ರಲ್ಲಿ ಸುಪ್ರೀಂ ಕೋರ್ಟ್ ಗ್ಲಿವೆಕ್ (ಇಮ್ಯಾಟಿನಿಬ್‌ನ ಮೂಲ ಬ್ರ್ಯಾಂಡ್) ಪೇಟೆಂಟ್ ಅರ್ಜಿ ತಳ್ಳಿಹಾಕಿತು, ಹಾಗಾಗಿ ಜೆನೆರಿಕ್ (ಬೇರೆ ಕಂಪನಿಗಳು ಮಾಡುವ ಅದೇ ಔಷಧ) ಸಿಗುತ್ತದೆ. ಬ್ರ್ಯಾಂಡ್ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ.