ಇದೇನಾ ಜೈಲಿನ ಏಡ್ಸ್ ‘ಅರಿವು’?

ಮಾನ್ಯರೆ,

ನಮ್ಮೂರ ಜೈಲಿನ ಏಡ್ಸ್ ಅರಿವು ಶಿಬಿರದ ಫೋಟೊ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಎದೆ ಮೇಲೆ ಕೆಂಪು ರಿಬ್ಬನ್, ಕೈಯಲ್ಲಿ ಮೇಣದಬತ್ತಿ, ಹಿಂದೆ ದೊಡ್ಡ ಬ್ಯಾನರ್. ಸಂತೋಷ. ಅದೇ ಜೈಲಿನ ಗೇಟಿನಲ್ಲಿ ನಿನ್ನೆ ನನಗೂ ಅರಿವು ಮೂಡಿತು.

ನನ್ನ ತಂಗಿಯ ಗಂಡ ವಿಚಾರಣಾಧೀನ ಕೈದಿ. ನಾಲ್ಕು ವರ್ಷದಿಂದ ಎಚ್‌ಐವಿ ಹತೋಟಿಗೆ ದಿನಕ್ಕೊಂದು ಎಆರ್‌ಟಿ ಮಾತ್ರೆ ನುಂಗುತ್ತಿದ್ದಾನೆ. ಜೈಲಿನವರೇ ತರಿಸಿಕೊಡಬೇಕಾದ ಮಾತ್ರೆ. ಕೇಳಿದರೆ ಬೆಂಗಾವಲಿಗೆ ಪೊಲೀಸರಿಲ್ಲ, ಗಾಡಿ ಇಲ್ಲ. ಸರಿ, ಅಂಗಡಿಗೆ ಬೀಗ ಹಾಕಿ, ಎರಡು ಬಸ್ ಬದಲಿಸಿ ನಾನೇ ಡಬ್ಬಿ ಒಯ್ದೆ. ಬಿಸಿಲಲ್ಲಿ ಎರಡೂವರೆ ಗಂಟೆ ನಿಂತ ಮೇಲೆ ಗೇಟಿನವರು ಡಬ್ಬಿಯನ್ನು ತಿರುಗಿಸಿ ನೋಡಿ, ಮುಚ್ಚಳ ತೆಗೆದು ಮೂಸಿ, ಒಳಕ್ಕೆ ಕೂಗಿದರು: “ಸಾರ್, ಏಡ್ಸ್ ಮಾತ್ರೆ ಬಿಡೋದಾ?” ಸಾಲಿನಲ್ಲಿದ್ದ ಮೂವತ್ತು ಜನಕ್ಕೂ ಒಂದೇ ಏಟಿಗೆ ಅರಿವು, ಬ್ಯಾನರ್ ಖರ್ಚೂ ಇಲ್ಲ. ನನ್ನ ಹಿಂದಿದ್ದ ಹೆಂಗಸು ಮಗುವನ್ನು ಸರಕ್ಕನೆ ಪಕ್ಕಕ್ಕೆ ಎಳೆದುಕೊಂಡರು. ಕೊನೆಗೆ ಸಿಕ್ಕ ಉತ್ತರ: “ಡಾಕ್ಟರು ರಜೆ, ಸೋಮವಾರ ಬನ್ನಿ.” ನಿನ್ನೆ ಗುರುವಾರ. ಅವನ ಬಳಿ ಆಗ ಉಳಿದಿದ್ದದ್ದು ಎರಡೇ ಮಾತ್ರೆ. ಶನಿವಾರ, ಭಾನುವಾರ ವೈರಸ್‌ಗೂ ರಜೆ ಇದೆಯೇನೋ!

2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಸರ್ಕಾರದ ವಶದಲ್ಲಿರುವವನಿಗೆ ಶಿಕ್ಷೆಯಾಗಿರಲಿ, ಆಗದಿರಲಿ, ಪರೀಕ್ಷೆ, ಚಿಕಿತ್ಸೆ ಅವನ ಹಕ್ಕು. ಒಪ್ಪಿಗೆಯಿಲ್ಲದೆ ಅವನ ವಿಷಯ ಬಯಲು ಮಾಡುವಂತಿಲ್ಲ. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ ಎಂದು ಎಆರ್‌ಟಿ ಕೇಂದ್ರದ ಮೇಡಂ ನಮಗೆ ನೂರು ಸಲ ಹೇಳಿದ್ದಾರೆ. ಹಾಗಿದ್ದಮೇಲೆ ಮಾತ್ರೆ ತಡೆದವರು ರೋಗ ತಡೆಯುವವರೋ, ಹಂಚುವವರೋ?

ಒಳಗೆ ಒಂದೇ ಸೂಜಿಯಲ್ಲಿ ನಾಲ್ಕಾರು ಜನ ಹಚ್ಚೆ ಹಾಕಿಸಿಕೊಳ್ಳುತ್ತಾರಂತೆ. ಕಾಂಡೋಮ್ ಎಂದರೆ ಸಾಹೇಬರಿಗೆ ಮುಜುಗರ. ತಿಹಾರ್ ಜೈಲಿನಲ್ಲಿ 1994ರಲ್ಲೇ ಇದೇ ತಕರಾರು ಎದ್ದಿತ್ತು. ಕಾಂಡೋಮ್ ಕೊಡುವುದಿಲ್ಲ ಎಂದವರು ಆಗ ಜೈಲಿನ ಮುಖ್ಯಸ್ಥೆಯಾಗಿದ್ದ ಕಿರಣ್ ಬೇಡಿ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ವಿರುದ್ಧ ಅರ್ಜಿ ದೆಹಲಿ ಹೈಕೋರ್ಟ್‌ಗೆ ಹೋಯಿತು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಆಯಿತು. ಮುಜುಗರ ಮಾತ್ರ ಹಾಗೇ ಇದೆ.

ಇನ್ನು ಆ ಗೇಟಿನ ಎದುರಿನ ಅವಸ್ಥೆ. ನೆರಳು, ನೀರು ಮಾಡಿಸುತ್ತೇನೆ ಎಂದಿದ್ದ ಹಿಂದಿನ ಸಾಹೇಬರು ವರ್ಗವಾಗಿ ಹೋದರು. ನಲ್ಲಿ ಬಂತು, ನೀರು ಬರಲಿಲ್ಲ. ಶೌಚಾಲಯಕ್ಕೆ ಟೇಪು ಕತ್ತರಿಸಿದ್ದು ಶಾಸಕರು. ಬೀಗದ ಕೈ ಯಾರ ಹತ್ತಿರ ಇದೆಯೋ ಅವರಿಗೂ ಗೊತ್ತಿಲ್ಲ. ಚರಂಡಿಯ ಮಣ್ಣು ಮಳೆಗಾಲದಿಂದ ರಸ್ತೆಯಲ್ಲೇ ಬಿದ್ದಿದೆ. ನಗರಸಭೆಗೆ ನಾನೇ ಮೂರು ಅರ್ಜಿ ಕೊಟ್ಟಿದ್ದೇನೆ, ಬೋಂಡಾ ಕಟ್ಟಲು ಉಪಯೋಗವಾಗಿರಬೇಕು.

ಸಂಬಂಧಪಟ್ಟವರು, ಹಾಗೆ ಯಾರಾದರೂ ಇದ್ದರೆ, ಒಂದು ದಿನ ಚೀಟಿ ಹಿಡಿದು ಆ ಸಾಲಿನಲ್ಲಿ ನಿಲ್ಲಲಿ. ಮಾತ್ರೆ ಒಳಗೆ ಹೋಗಲಿ, ನಲ್ಲಿಗೆ ನೀರೂ ಬರಲಿ. ಎರಡೂ ಆಗದಿದ್ದರೆ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಮತ್ತೆ ಮೇಣದಬತ್ತಿ ಹಿಡಿದುಕೊಂಡು ಫೋಟೊಗೆ ನಿಲ್ಲಬೇಡಿ, ಸ್ವಲ್ಪ ನಾಚಿಕೆ ಇರಲಿ.

– ಹೆಸರು ಹಾಕಬೇಡಿ, ಸೋಮವಾರ ಮತ್ತೆ ಅದೇ ಗೇಟಿಗೆ ಹೋಗಬೇಕು