ಹಗ್ಗದಾಚೆ ಕಾರು, ಕೆಸರಲ್ಲಿ ನಾವು

ಸಂಪಾದಕರೇ,

ಭಾನುವಾರ ಇಲ್ಲಿ ನಡೆದ ಹಳೆ ಕಾರುಗಳ ಪ್ರದರ್ಶನದ ವರದಿಯನ್ನು ನಿಮ್ಮ ಅನಿವಾಸಿ ಕನ್ನಡಿಗರ ಪುಟದಲ್ಲಿ ಓದಿದೆ. ಎಸ್‌ಎಸ್ 100 ಎಂಬ 1930ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು 'ನೆರೆದವರೆಲ್ಲರ ಮನಸೆಳೆಯಿತು' ಅಂತೆ. ಯಾರ ಮನಸ್ಸು ಸ್ವಾಮಿ? ನಾವೂ ಅಲ್ಲೇ ಇದ್ದೆವು. ನಮಗೆ ಕಂಡಿದ್ದು ಒಂದು ಟೆಂಟು, ಸುತ್ತ ಹಗ್ಗ, ಕಾವಲಿಗೆ ಹಳದಿ ಜಾಕೆಟ್ಟಿನ ಹುಡುಗ. ಸಂದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಹೆಡ್‌ಲೈಟ್ ಒಂದು ಇಣುಕಿತು, ಅಷ್ಟೇ.

ಒಳಗೆ ಹೋಗೋಕೆ ಬೇರೆ ಟಿಕೆಟ್ ಬೇಕಂತೆ. ಹಾಗಾದರೆ ಗೇಟಿನಲ್ಲಿ ಕಿತ್ತುಕೊಂಡ ದುಡ್ಡು ಯಾತಕ್ಕೆ, ಕೆಸರು ತುಳಿಯೋದಕ್ಕಾ? ರಸ್ತೆ ಮುಚ್ಚಿದ್ದರಿಂದ ಬಸ್ಸು ಎಲ್ಲೋ ಇಳಿಸಿತು, ಊರಿಂದ ಬಂದಿರುವ ಅತ್ತೆಯವರಿಗೆ ಮೊದಲೇ ಮಂಡಿ ನೋವು, ಅವರ ಕೈ ಹಿಡಿದು ಹೊಲದ ಅಂಚಿನಲ್ಲಿ ನಡೆದು ಬರುವಷ್ಟರಲ್ಲಿ ಮಳೆ ಹಿಡಿಯಿತು. ಟೀಗೆ ಕ್ಯೂ. ಟಾಯ್ಲೆಟ್ಟಿಗೆ ಅದಕ್ಕಿಂತ ಉದ್ದದ ಕ್ಯೂ. ಮಗನ ಹೊಸ ಶೂ ಕಥೆ ಬೇಡ ಬಿಡಿ.

ಕಾರು ನೆನೆಯಬಾರದು ಅಂತ ಟೆಂಟಂತೆ! ಪಕ್ಕದ ಕಾವೆಂಟ್ರಿಯಲ್ಲಿ ಎಸ್‌ಎಸ್ ಕಂಪನಿಯ ಒಡೆಯ ವಿಲಿಯಂ ಲಯನ್ಸ್ ಇದನ್ನು ಮಾಡಿಸಿದ್ದು ಬಚ್ಚಿಡೋಕಲ್ಲ. ಮುಂದಿನ ಗಾಜು ಮಡಚಿ ಮಲಗಿಸಿ, ಮುಖಕ್ಕೆ ಗಾಳಿ ಹೊಡೆಸಿಕೊಂಡು ಓಡಿಸುವ ಎರಡೇ ಸೀಟಿನ ಕಾರು ಇದು. 1936ರಲ್ಲಿ ರೇಸ್ ಓಡಿಸುತ್ತಿದ್ದ ಪತ್ರಕರ್ತ ಟಾಮಿ ವಿಸ್ಡಮ್ ತಮ್ಮ ಹೆಂಡತಿ ಎಲ್ಸಿ ಜೊತೆ ಆಲ್ಪ್ಸ್ ಪರ್ವತದ ಕಾರು ಸ್ಪರ್ಧೆಯಲ್ಲಿ ಹೆಸರು ಮಾಡಿದ್ದು ಇಂಥದ್ದರಲ್ಲೇ. ಆಗಿನ ಬೆಲೆ 395 ಪೌಂಡ್, ಆ ವೇಗಕ್ಕೆ ಅಗ್ಗವೇ. ಯುದ್ಧ ಬಂದು ನಿಲ್ಲಿಸುವಷ್ಟರಲ್ಲಿ ಮುನ್ನೂರು ಚಿಲ್ಲರೆ ಕಾರು ಹೊರಬಂದವು. ಅಪರೂಪ, ಒಪ್ಪಿದೆ. ಅಪರೂಪದ್ದು ಅಂತಲೇ ಅಲ್ವಾ ನಾವು ಬಂದಿದ್ದು?

ನಿಮ್ಮ ವರದಿಗಾರರು 'ನೂರೇ ಕಾರು ಮಾಡಿದ್ದರಿಂದ 100 ಎಂಬ ಹೆಸರು' ಎಂದಿದ್ದಾರೆ. ಅದು ಗಂಟೆಗೆ ನೂರು ಮೈಲಿಯ ಲೆಕ್ಕ. ಎರಡೂವರೆ ಲೀಟರ್ ಎಂಜಿನ್ನಿನದು ಆ ನೂರು ಮುಟ್ಟೋಕೆ ಏದುಸಿರು ಬಿಡುತ್ತಿತ್ತು, ಆಮೇಲೆ ಬಂದ ಮೂರೂವರೆ ಲೀಟರಿನದು ದಾಟಿತು. ಟೆಂಟಿನೊಳಗೆ ಹೋಗುವ ಭಾಗ್ಯ ಸಿಕ್ಕವರು ಇದನ್ನಾದರೂ ಕೇಳಬಾರದಿತ್ತಾ? ಹಿಟ್ಲರನ ಎಸ್‌ಎಸ್ ಪಡೆಯಿಂದಾಗಿ ಆ ಹೆಸರೇ ಕೆಟ್ಟಿದ್ದರಿಂದ 1945ರಲ್ಲಿ ಕಂಪನಿ ಜಾಗ್ವಾರ್ ಆಯಿತು, 2008ರಿಂದ ಟಾಟಾದವರದ್ದು. ಆ ಸಲುಗೆಗಾದರೂ ನಮ್ಮ ಅತ್ತೆಯವರನ್ನು ಒಳಗೆ ಬಿಡಬಹುದಿತ್ತು.

ಇನ್ನು ನಮ್ಮ ಕೌನ್ಸಿಲ್ಲು. ರಸ್ತೆ ಮುಚ್ಚೋಕೆ ಒಂದೇ ದಿನದಲ್ಲಿ ಅನುಮತಿ ಕೊಡುತ್ತಾರೆ, ಅದೇ ರಸ್ತೆಯ ಗುಂಡಿ ಮುಚ್ಚಿ ಅಂದರೆ ವರ್ಷ ಕಳೆದರೂ 'ಪರಿಶೀಲನೆಯಲ್ಲಿದೆ'. ಕಸದ ಗಾಡಿ ಮನಸ್ಸು ಬಂದಾಗ ಬರುತ್ತದೆ. ಪಾರ್ಕಿಂಗ್ ದಂಡದ ಪತ್ರ ಮಾತ್ರ ತಪ್ಪದೆ ಬರುತ್ತದೆ. ತೆರಿಗೆ ಏರಿಸಿದಾಗ ಇದ್ದ ಚುರುಕು ಆಮೇಲೆ ಎಲ್ಲಿ ಹೋಗುತ್ತದೋ!

ಕಾರು ತೋರಿಸಿ, ಇಲ್ಲಾಂದ್ರೆ ಮನೆಯ ಗ್ಯಾರೇಜಲ್ಲೇ ಇಟ್ಟುಕೊಳ್ಳಿ. ರಸ್ತೆ ಮುಚ್ಚಲೇಬೇಕಿದ್ದರೆ ಬಸ್ಸಾದರೂ ಬಿಡಿ. ಗುಂಡಿಯನ್ನೂ ನೋಡಿ. ಎಲ್ಲರಿಗೂ ಸ್ವಲ್ಪ ನಾಚಿಕೆಯಾಗಲಿ, ವರದಿ ಬರೆದವರಿಗೂ ಸೇರಿ.

– ಒಬ್ಬ ಓದುಗ, ಇಂಗ್ಲೆಂಡ್