ಎಬ್ಬಿಸಿದ ಕೋಶ ಮತ್ತೆ ಮಲಗುತ್ತದೆಯೇ?

ಚಿ. ಮಾಲಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸರಿಯಮ್ಮ. ಕೊನೆಯ ಆ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಚುಚ್ಚುಮದ್ದು ಕೊಟ್ಟು ಎಬ್ಬಿಸಿದ ಕೋಶಗಳು ಮತ್ತೆ ಮಲಗದೇ ಹೋದರೆ? ತಮ್ಮನಿಗೆ ಬಂದದ್ದೇ ನನಗೂ ಬಂದರೆ?" ತಮ್ಮನಿಗೆ ಕಾಂಡಕೋಶ ಕೊಡುವುದಿಲ್ಲ ಎಂದು ನೀನು ಹೇಳಿಲ್ಲ, ಹೇಳುವವಳೂ ಅಲ್ಲ. ಆದರೆ ಈ ಭಯ ಇಟ್ಟುಕೊಂಡು ತೋಳು ಚಾಚುವುದು ಬೇಡ.

ಮೂಳೆಯೊಳಗಿನ ಮಜ್ಜೆಗೆ ವಿಭಜನೆ ಹೊಸದಲ್ಲ. ನೀನು ಸುಮ್ಮನೆ ಕೂತಿದ್ದರೂ ದಿನಕ್ಕೆ ಸುಮಾರು 20,000 ಕೋಟಿ ಕೆಂಪುಕಣ ಅಲ್ಲಿ ತಯಾರಾಗುತ್ತವೆ. ಹಾಗಂತ ರಕ್ತಕಣಗಳಿಗೆಲ್ಲ ಮೂಲವಾದ ಕಾಂಡಕೋಶವೇ ಇಷ್ಟೆಲ್ಲ ದುಡಿಯುವುದಿಲ್ಲ. ಅದು ತಿಂಗಳುಗಟ್ಟಲೆ ವಿಭಜನೆಯ ಗೋಜಿಗೇ ಹೋಗದೆ ಕೂತಿರುತ್ತದೆ. ದುಡಿಯುವವು ಅದರ ಮಕ್ಕಳು, ಮೊಮ್ಮಕ್ಕಳು. ಅದನ್ನು ಹಾಗೆ ಕೂರಿಸಿಡಲು ಹೊರಗಿನಿಂದ ಟಿಜಿಎಫ್-ಬೀಟಾ ಎಂಬ ಸಂಕೇತ ಇದೆ, ಒಳಗೆ ಪಿ57 ಎಂಬ ಪ್ರೋಟೀನಿನ ಅಗುಳಿ ಇದೆ. ಯಾವ ಕೋಶವೇ ಆಗಲಿ, ವಿಭಜನೆಗೆ ಹೊರಟರೆ ಮೊದಲು ಸೈಕ್ಲಿನ್-ಡಿ ಮತ್ತು ಸಿಡಿಕೆ4, ಸಿಡಿಕೆ6 ಎಂಬ ಪ್ರೋಟೀನುಗಳು ಕೂಡಿ ಆರ್‌ಬಿ ಎಂಬ ಕಾವಲುಗಾರನನ್ನು ಸರಿಸಬೇಕು. ಡಿಎನ್‌ಎ ನಕಲು ಆಮೇಲಿನ ಮಾತು. ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೆ ಪಿ53 ಎಂಬ ಇನ್ನೊಂದು ಪ್ರೋಟೀನು ಅಡ್ಡ ನಿಲ್ಲುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಲು ಬಿಡುತ್ತದೆ.

ನಿನಗೆ ಕೊಡುವುದು, ಬಿಳಿಕಣಗಳನ್ನು ಹೆಚ್ಚಿಸುವ ಪ್ರಚೋದಕ, ಜಿ-ಸಿಎಸ್‌ಎಫ್. ಕೆ.ಜಿ.ಗೆ ದಿನಕ್ಕೆ 10 ಮೈಕ್ರೋಗ್ರಾಂ ಲೆಕ್ಕ. ನಿನ್ನ 60 ಕೆ.ಜಿ.ಗೆ 600, ನಾಲ್ಕೈದು ದಿನ. ಕಾಂಡಕೋಶಗಳನ್ನು ಮಜ್ಜೆಗೆ ಕಟ್ಟಿಹಾಕುವ ಸಿಎಕ್ಸ್‌ಸಿಎಲ್12 ಎಂಬ ಹಗ್ಗವನ್ನು ಅದು ಸಡಿಲಿಸುತ್ತದೆ, ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಭರದಿಂದ ಹೆಚ್ಚುವವು ಬಿಳಿಕಣಗಳಲ್ಲೊಂದು ಬಗೆಯಾದ ನ್ಯೂಟ್ರೋಫಿಲ್‌ಗಳು. ಬಿಳಿಕಣದ ಎಣಿಕೆ 40–50 ಸಾವಿರ ಆದರೂ ರಿಪೋರ್ಟ್ ನೋಡಿ ಗಾಬರಿಯಾಗಬೇಡ.

ಮಲಗದೇ ಹೋದರೆ, ಅಂದೆಯಲ್ಲ. 1966ರಲ್ಲಿ ಮೆಲ್ಬರ್ನ್‌ನಲ್ಲಿ ಬ್ರಾಡ್ಲಿ ಮತ್ತು ಮೆಟ್ಕಾಫ್ ಮಜ್ಜೆಯ ಕೋಶಗಳನ್ನು ಅಗರ್ ತಟ್ಟೆಯಲ್ಲಿ ಬೆಳೆಸಿದರು. ಬೇರೆ ಕೋಶಗಳು ಸ್ರವಿಸುವ ಪ್ರಚೋದಕ ಇದ್ದರಷ್ಟೇ ಗುಂಪು ಕಟ್ಟಿದವು. ಈ ಜಾತಿಯ ಪ್ರಚೋದಕಗಳು ಬರೀ ಚಾಟಿಯಲ್ಲ, ಅನ್ನ ಕೂಡ. ನಿಂತರೆ ವಿಭಜನೆ ನಿಲ್ಲುವುದಷ್ಟೇ ಅಲ್ಲ, ಅವನ್ನೇ ನಂಬಿದ ಎಳೆಯ ಕೋಶಗಳು ಸಾಯುತ್ತವೆ. ಮೂತ್ರಪಿಂಡ ಸ್ರವಿಸುವ ಎರಿಥ್ರೋಪೊಯೆಟಿನ್ ಎಂಬ ಪ್ರಚೋದಕ ಕೆಂಪುಕಣದ ಎಳೆಯವಕ್ಕೆ ಮಾಡುವುದೂ ಮುಖ್ಯವಾಗಿ ಇದನ್ನೇ, ಸಾಯದಂತೆ ಕಾಯುವುದು. ಪಾಠ ಹೇಳುವಾಗ "ಒತ್ತಿದರೆ ಓಡುತ್ತವೆ" ಎಂದೇ ಹೇಳುತ್ತ ಬಂದೆ. "ಬಿಟ್ಟರೆ ಬದುಕುವುದಿಲ್ಲ" ಎನ್ನುವ ಅರ್ಧವನ್ನು ಒತ್ತಿ ಹೇಳಲಿಲ್ಲ. ನಿನ್ನಂಥವರ ಭಯಕ್ಕೆ ನನ್ನಂಥ ಮೇಷ್ಟರುಗಳದ್ದೂ ಪಾಲಿದೆ.

ಇನ್ನೊಂದು ತಡೆ ಕಣ್ಣಿಗೇ ಕಾಣುತ್ತದೆ. ಮಜ್ಜೆಯ ಸ್ಲೈಡಿನಲ್ಲಿ, ನ್ಯೂಟ್ರೋಫಿಲ್ ಆಗಲಿರುವ ಎಳೆಯ ಕೋಶವಾದ ಮೈಲೋಸೈಟ್‌ನ ಕೇಂದ್ರ ಇನ್ನೂ ಗುಂಡಗಿರುತ್ತದೆ. ಅಲ್ಲಿಯವರೆಗೆ ವಿಭಜನೆ ಉಂಟು. ಮುಂದಿನ ಹಂತದಲ್ಲಿ ಕೇಂದ್ರದ ಒಂದು ಪಕ್ಕ ತಗ್ಗಿ ಅಲಸಂದೆ ಕಾಳಿನಂತಾಗುತ್ತದೆ. ತಗ್ಗಿತೋ, ಮುಗಿಯಿತು. ಆ ಕೋಶ ಇನ್ನು ಬಲಿಯುತ್ತದೆಯೇ ಹೊರತು ಎರಡಾಗುವುದಿಲ್ಲ, ಎಷ್ಟು ಜಿ-ಸಿಎಸ್‌ಎಫ್ ಸುರಿದರೂ. ಕೆಂಪುಕಣವಂತೂ ಕೊನೆಗೆ ಕೇಂದ್ರವನ್ನೇ ಹೊರಗೆ ದಬ್ಬುತ್ತದೆ, ಪಕ್ಕದ ಮ್ಯಾಕ್ರೋಫೇಜ್ ಎಂಬ ಕಸ ಗುಡಿಸುವ ಕೋಶ ಅದನ್ನು ನುಂಗುತ್ತದೆ. ಮೇಲಾಗಿ ನ್ಯೂಟ್ರೋಫಿಲ್‌ಗಳು ಹೆಚ್ಚಿದಷ್ಟೂ ಜಿ-ಸಿಎಸ್‌ಎಫ್ ಅನ್ನು ತಾವೇ ಹೀರಿ ಖಾಲಿ ಮಾಡುತ್ತವೆ. ಇದಕ್ಕಿಂತ ಅಚ್ಚುಕಟ್ಟಾದ ಕಡಿವಾಣ ನಾನು ಕಂಡಿಲ್ಲ.

ಹಾಗಾದರೆ ಹತೋಟಿ ತಪ್ಪುವುದು ಎಲ್ಲಿ? ಬೀಗವೇ ಮುರಿದಾಗ. ಕೆಂಪುಕಣಗಳು ಮಿತಿಮೀರಿ ಹೆಚ್ಚುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆ ನೋಡು. ಪ್ರಚೋದಕದ ಸಂಕೇತವನ್ನು ಕೋಶದೊಳಗೆ ಸಾಗಿಸುವ ಜ್ಯಾಕ್2 ಪ್ರೋಟೀನಿನ 617ನೇ ಜಾಗದ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ ಎಂದು 2005ರಲ್ಲಿ ತಿಳಿಯಿತು. ಅಷ್ಟಕ್ಕೇ, ಎರಿಥ್ರೋಪೊಯೆಟಿನ್ ಇಲ್ಲದಿದ್ದರೂ ಇದೆಯೆಂದೇ ಕೋಶ ನಂಬುತ್ತದೆ. ಅದು ಜೀನಿನ ಕೆಡುಕು. ನಿನ್ನ ಚುಚ್ಚುಮದ್ದು ಜೀನಿಗೆ ಕೈ ಹಾಕುವುದಿಲ್ಲ. ಬಾಗಿಲು ಬಡಿದು ಹೋಗುತ್ತದೆ, ಅಷ್ಟೆ. ದಾನ ಮಾಡಿದ ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ದಾನಿ ನೋಂದಣಿಗಳಲ್ಲೂ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಸಾಮಾನ್ಯ ಜನರಿಗಿಂತ ಹೆಚ್ಚು ಕಂಡಿಲ್ಲ. ಎಣಿಕೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮಲಗುತ್ತವೆ ಮಾಲಿನಿ, ಮಲಗುತ್ತವೆ.

ನಿನ್ನ ಡಾಕ್ಟರು ಇದನ್ನೆಲ್ಲ ಹೇಳಿಯೇ ಇರುತ್ತಾರೆ, ಆದರೂ ಮುದುಕನ ಕೈ ಸುಮ್ಮನಿರುವುದಿಲ್ಲ. ಸೊಂಟ, ತೊಡೆಯ ಮೂಳೆ ಒಳಗಿನಿಂದ ನೋಯುತ್ತವೆ. ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ, ಏಕೆಂದರೆ ಕೋಶ ತೆಗೆಯುವಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ಗುಲ್ಮ (ಸ್ಪ್ಲೀನ್) ಊದಿಕೊಳ್ಳುವುದರಿಂದ ಆ ದಿನಗಳಲ್ಲಿ ಭಾರ ಎತ್ತಬೇಡ. ಎಡಪಕ್ಕೆಯ ಕೆಳಗೋ ಎಡ ಭುಜದ ತುದಿಯಲ್ಲೋ ಜೋರು ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡ, ಹೊರಡು. ರಕ್ತದಿಂದ ಕೋಶ ತೆಗೆಯುವ ಯಂತ್ರಕ್ಕೆ ಜೋಡಿಸಿರುವ ನಾಲ್ಕೈದು ಗಂಟೆಯಲ್ಲಿ ತುಟಿ ಜುಮ್ಮೆಂದರೆ ನರ್ಸ್‌ಗೆ ತಕ್ಷಣ ಹೇಳು. ರಕ್ತ ಹೆಪ್ಪುಗಟ್ಟದಂತೆ ಯಂತ್ರದಲ್ಲಿ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟಿರುತ್ತದೆ, ಕ್ಯಾಲ್ಸಿಯಂ ಕೊಡುತ್ತಾರೆ. ಮದ್ದು ಮನೆಯಲ್ಲಿ ಇಡುವುದಾದರೆ 2ರಿಂದ 8 ಡಿಗ್ರಿ, ಫ್ರೀಜರಿನಲ್ಲಿ ಅಲ್ಲ. ಕುಲುಕಬಾರದು.

ಎರಡು ವಾರದ ಮೇಲೆ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ರಿಪೋರ್ಟಿನ ಫೋಟೋ ನನಗೆ ವಾಟ್ಸಾಪಿನಲ್ಲಿ ಕಳಿಸು. ನಿನ್ನ ಆ ಸಾಲಿಗೆ ಎದುರಾಗಿ ಇಟ್ಟುಕೊಳ್ಳಬೇಕು.

ಇಂತಿ,
ದೊಡ್ಡಪ್ಪ